ಅಣ್ಣನಿಗೆಂದು ಇಟ್ಟ ಚೀಟಿಗಳು

“ಓರೆ ಮಾಡಿ, ಓರೆ! ಗೋಡೆಗೆ ತಾಗ್ತಿದೆ!” ಎಂದು ಮಾವ ಕೂಗಿದರು. ಶವಪೆಟ್ಟಿಗೆ ನಡುಮನೆಯ ಬಾಗಿಲಲ್ಲೇ ಸಿಕ್ಕಿಕೊಂಡಿತ್ತು. ಆಚೆ ಹೊರಬಾಗಿಲಿಗೆ ಹೋಗುವ ಹಾದಿಯಲ್ಲಿ ಅರ್ಧವನ್ನು ಅಮ್ಮನ ಕಪಾಟು ನುಂಗಿತ್ತು: ಇಪ್ಪತ್ತನಾಲ್ಕು ಖಾನೆ, ಖಾನೆ ತುಂಬ ಒಂದೊಂದು ಪದ ಬರೆದ ಚೀಟಿಗಳು.

“ಆ ಕಾಗದಾನೆಲ್ಲ ಹೊರಗೆ ಸುರಿದ್ರೆ ಆಯ್ತಪ್ಪ,” ಎಂದರು ಪಕ್ಕದ ಮನೆಯವರು.

“ಒಂದು ಚೀಟಿ ಬಿದ್ರೂ ಅಮ್ಮ ಎದ್ದು ಬೈತಾಳೆ,” ಎಂದಳು ಮಗಳು. ಸಿಟಿ ಬಸ್ಸಿನ ಡ್ರೈವರ್ ಅವಳು, ಇಕ್ಕಟ್ಟಿಗೆ ಹೆದರುವವಳಲ್ಲ. ಪೆಟ್ಟಿಗೆಯನ್ನು ಹಿಂದಕ್ಕೆ ಇಳಿಸಿದಳು. “ಖಾನೆ ಒಂದೊಂದಾಗಿ ಹೊರಗೆ ಹೋಗ್ಲಿ, ಕ್ರಮ ತಪ್ಪಬಾರ್ದು. ಮಾವ, ನೀವೂ ಒಂದು ಹಿಡೀರಿ.”

ಮಾವ ಕೈ ಹಿಂದಕ್ಕೆಳೆದುಕೊಂಡರು. ಅವರು ಅಮ್ಮನ ಅಣ್ಣ, ಬೀಗ ರಿಪೇರಿ ಕಸುಬು. ಚೀಟಿಗಳಲ್ಲಿದ್ದದ್ದು ಅವರ ತಾಯ್ನುಡಿ; ಆ ಭಾಷೆ ಬಲ್ಲವರೆಂದು ಉಳಿದಿದ್ದವರು ಅಣ್ಣ ತಂಗಿ ಇಬ್ಬರೇ. ಈಗ ಒಬ್ಬರೇ.

* * *

ಇಪ್ಪತ್ತಾರು ವರ್ಷ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದವಳು ಅಮ್ಮ. ಸಂಜೆ ಕಾಲೇಜಿನಲ್ಲಿ ಡಿಗ್ರಿ ಮುಗಿಸಿ, ಐವತ್ತೊಂದನೆಯ ವಯಸ್ಸಿನಲ್ಲಿ ವಿಶ್ವವಿದ್ಯಾಲಯದ ಫೆಲೋಶಿಪ್ಪಿಗೆ ಅರ್ಜಿ ಹಾಕಿದಳು. ಮೂಲನಿವಾಸಿಗಳ ಭಾಷೆಗಳನ್ನು ಅಧ್ಯಯನ ಮಾಡುವವರಿಗೆಂದೇ ಇದ್ದ ಫೆಲೋಶಿಪ್ಪು ಅದು.

“ಈ ವಯಸ್ಸಲ್ಲಿ ಯಾಕಮ್ಮಾ?” ಎಂದು ಸಂದರ್ಶನದಲ್ಲಿ ಕೇಳಿದರು.

“ವಯಸ್ಸಾಯ್ತು ಅಂತಾನೇ ಬಂದೆ ಸಾರ್. ನಾನು ಹೋದ್ಮೇಲೆ ಯಾರನ್ನ ಕೇಳ್ತೀರಿ?”

ಆದೇಶ ಕೈಗೆ ಬಂದದ್ದೇ ತಡ, ಅಣ್ಣನ ಅಂಗಡಿಗೆ ಓಡಿದಳು. “ಆ ಭಾಷೇಲಿ ಅನ್ನ ಹುಟ್ಟಲ್ಲ ಅಂತಿದ್ಯಲ್ಲಣ್ಣ, ನೋಡು! ಸಂಬಳ ಕೊಟ್ಟು ಮಾತಾಡು ಅಂತಿದಾರೆ!”

ಮಾವ ಕೀಲಿಕೈಗೆ ಅರ ಉಜ್ಜುವುದನ್ನು ನಿಲ್ಲಿಸಲಿಲ್ಲ. “ಅದನ್ನ ಆಡಿದ್ದಕ್ಕೆ ಹಾಸ್ಟೆಲಲ್ಲಿ ನನ್ನ ತಟ್ಟೆ ಕಿತ್ಕೊಂಡ್ರು. ನನ್ನ ಬಾಯಿಂದ ಇನ್ನು ಆ ಮಾತು ಬರಲ್ಲ.”

ನಾಲ್ಕು ವರ್ಷ ಅಮ್ಮ ಒಬ್ಬಳೇ ನೆನಪು ಕೆದಕಿ ಬರೆದಳು. ಅರ್ಥ ಖಚಿತವಾಗದ ಚೀಟಿಗೆ ಕೆಂಪು ಪ್ರಶ್ನೆ ಚಿಹ್ನೆ ಹಾಕಿ ಕೊನೆಯ ಖಾನೆಗೆ ಸೇರಿಸುತ್ತಿದ್ದಳು. “ಇವು ಅಣ್ಣನಿಗೆ,” ಎನ್ನುತ್ತಿದ್ದಳು. “ಇವತ್ತಲ್ಲ ನಾಳೆ ಬಂದೇ ಬರ್ತಾನೆ.”

* * *

ಮಗಳು ಆ ಕೊನೆಯ ಖಾನೆಯನ್ನೇ ಮಾವನ ಕೈಗೆ ತುರುಕಿದಳು. ಎರಡು ಹೆಜ್ಜೆ ನಡೆದವರು ಮೇಲಿನ ಚೀಟಿ ನೋಡಿ ನಿಂತುಬಿಟ್ಟರು.

“ತಪ್ಪು.”

“ಏನು ತಪ್ಪು ಮಾವ?”

“‘ಹಸಿವು’ ಅಂತ ಬರೆದಿದಾಳೆ. ಬರೀ ಹಸಿವಲ್ಲ ಇದು. ಬೇರೆಯವರು ಉಣ್ಣೋದನ್ನ ನಿಂತು ನೋಡುವಾಗ ಆಗುತ್ತಲ್ಲ, ಆ ಹಸಿವು. ಅವಳಿಗೆ ಹೇಗೆ ಗೊತ್ತಿರುತ್ತೆ? ಹಾಸ್ಟೆಲಲ್ಲಿ ಅವಳು ಬಾಯಿ ತಪ್ಪಿ ಆಡಿದಾಗೆಲ್ಲ ನಾನೇ ಆಡಿದ್ದು ಅಂತ ಒಪ್ಕೊಂಡು, ಊಟ ಬಿಟ್ಟು ಹೊರಗೆ ನಿಲ್ತಿದ್ದೆ.”

ಮಗಳು ಜೇಬಿನಿಂದ ಪೆನ್ನು ತೆಗೆದು, ಕೆಂಪು ಚಿಹ್ನೆ ಹೊಡೆದುಹಾಕಿ, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದಳು. ಆಮೇಲೆ, ವಿಶ್ವವಿದ್ಯಾಲಯದಿಂದ ಮಣ್ಣಿಗೆ ಬಂದಿದ್ದ ಪ್ರೊಫೆಸರಮ್ಮನತ್ತ ತಿರುಗಿದಳು.

“ಅಮ್ಮನ ಕೆಲಸ ನಾನು ಮುಂದುವರಿಸ್ಬಹುದಾ ಮೇಡಂ?”

“ಅವರ ಫೆಲೋಶಿಪ್ ಅವರ ಜೊತೆಗೇ ಮುಗೀತಮ್ಮ. ನೀನು ಹೊಸದಾಗಿ ಅರ್ಜಿ ಹಾಕ್ಬೇಕು. ಭಾಷೆ ಎಷ್ಟು ಬರುತ್ತೆ?”

“ಬೈಗುಳ ಪೂರ್ತಿ ಬರುತ್ತೆ. ಮಿಕ್ಕಿದ್ದು ಕಲೀತೀನಿ.”

ಅಳುತ್ತಿದ್ದವರೂ ನಕ್ಕರು. ಮಗಳು ಮಾತ್ರ ನಗಲಿಲ್ಲ.

ಕಪಾಟು ಹೊರಗೆ ಹೋಯಿತು, ಪೆಟ್ಟಿಗೆಯೂ ಹೋಯಿತು. ಗುಂಡಿಗೆ ಇಳಿಸಿದ ಮೇಲೆ ಮಾವ ಅಂಚಿಗೆ ಬಂದು, ಐವತ್ತು ವರ್ಷದ ಮೇಲೆ ಮೊದಲ ಬಾರಿಗೆ, ಆ ಭಾಷೆಯಲ್ಲಿ ಗಟ್ಟಿಯಾಗಿ ಒಂದು ಉದ್ದನೆಯ ಮಾತು ಹೇಳಿದರು. ಮಗಳಿಗೆ ತಿಳಿದದ್ದು ‘ತಂಗಿ’ ಎನ್ನುವುದೊಂದೇ. ಆದರೂ ಅಷ್ಟನ್ನೂ ಅಮ್ಮನಿಗೆ ಕೇಳಿಸುವಂತೆ ತಾನೂ ತೊದಲುತ್ತ ಹೇಳಿದಳು. ಮಾವ ಹಾಗಲ್ಲವೆಂದು ತಲೆಯಾಡಿಸಿ ಮತ್ತೆ ಹೇಳಿಕೊಟ್ಟರು. ನಡುವೆಲ್ಲೋ ಅವಳ ನಾಲಿಗೆ ಮತ್ತೆ ತೊಡರಿತು.

ಮಣ್ಣು ಹಾಕಲು ಬಂದವರನ್ನು ಮಾವ ಕೈಯೆತ್ತಿ ತಡೆದರು. “ಸ್ವಲ್ಪ ತಡೀರಪ್ಪ.”

ತುಂಬಿದ ಸನಿಕೆಗಳು ಗಾಳಿಯಲ್ಲೇ ನಿಂತವು. ಮಗಳು ಉಸಿರೆಳೆದುಕೊಂಡು ಮೊದಲಿನಿಂದ ಶುರುಮಾಡಿದಳು.