ಶಿಫ್ಟ್ ಒತ್ತಿ ಹಿಡಿದರೆ

ಇಸ್ತ್ರಿಪೆಟ್ಟಿಗೆಯ ಹಬೆ ಕಂಪ್ಯೂಟರಿನ ಪರದೆಯ ಮೇಲೆ ಕೂತು ಹುಲ್ಲೆಲ್ಲ ಮಂಕಾಯಿತು, ಕತ್ತರಿಸಿ ಉಳಿದ ಚೂರುಬಟ್ಟೆಯಿಂದ ಒರೆಸಿದೆ, ಹುಲ್ಲು ಬಂತು, ಹುಲ್ಲಿನ ನಡುವೆ ಕಲ್ಲುದಾರಿ, ದಾರಿಯ ಎಡತುದಿಗೆ ನನ್ನ ಹೊಲಿಗೆ ಅಂಗಡಿ, ಕೆಂಪು ಮಾಡು, ಎರಡು ಕಿಟಕಿ, ಬಾಗಿಲ ಪಕ್ಕ ಒಂದು ಪೀಪಾಯಿ – ಮಿಷನ್ ಚಿತ್ರ ಸಿಗ್ಲಿಲ್ಲಮ್ಮ, ಪೀಪಾಯಿ ಇಟ್ಟಿದೀನಿ, ಅದನ್ನೇ ಮಿಷನ್ ಅಂದ್ಕೋ, ಎಂದಿದ್ದಳು ಮಗಳು, ಅಂದುಕೊಂಡೆ, ಎರಡು ವರ್ಷದಿಂದ ಆಟದ ನಕ್ಷೆಯಲ್ಲಿ ಪೀಪಾಯಿಯಲ್ಲೇ ಹೊಲಿಯುತ್ತಿದ್ದೇನೆ. ನಕ್ಷೆಯನ್ನು ಬಲಕ್ಕೆ ಸರಿಸುವುದಿಲ್ಲ, ಈಗಲೇ ಬೇಡ, ಬ್ಯಾಂಕಿನವರ ಪ್ಯಾಂಟು ಮೊದಲು, ನಾಲ್ಕಕ್ಕೆ ಬರುತ್ತಾರೆ, ಸೊಂಟ ಒಂದಿಂಚು ಬಿಡಿಸಬೇಕು, ಒಗೆದೂ ಒಗೆದೂ ಚಿಕ್ಕದಾಗಿದೆ ಮೇಡಂ, ಹೌದು ಸಾರ್, ಎಲ್ಲಾ ಬಟ್ಟೇದೇ ತಪ್ಪು, ಎಂದು ಟೇಪು ಎಳೆದಿದ್ದೆ, ಪಾಪ, ಅವರಿಗೂ ನಗು ಬಂದಿತ್ತು. ದಾರಿಯ ಬಲತುದಿಯಲ್ಲಿ ಮಗಳ ಮನೆ ಇತ್ತು, ಇದೆ, ಇನ್ನೂ ಇದ್ದರೂ ಇರಬಹುದು, ಭಾನುವಾರ ಫೋನಿನಲ್ಲಿ ಹೇಳಿದ್ದಷ್ಟೇ – ಅಮ್ಮ, ನನ್ ಮನೇನ ನಮ್ ನಕ್ಷೆಯಿಂದ ತೆಗೀತೀನಿ, ಫ್ರೆಂಡ್ಸೆಲ್ಲ ಸೇರಿ ಹೊಸ ಆಟ ಮಾಡ್ತಿದೀವಿ, ಅಲ್ಲಿಗೆ ತಗೊಂಡೋಗ್ತೀನಿ, ಬೇಜಾರಿಲ್ಲ ತಾನೇ, ನಂಗ್ಯಾಕೆ ಬೇಜಾರು, ನಿನ್ ಮನೆ, ನಿನ್ನಿಷ್ಟ ಕಣೇ, ಎಂದೆ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದೆ, ದನಿ ಹಾಗೆ ಬಂದದ್ದು ಪಿನ್ನಿನಿಂದ ಎಂದುಕೊಂಡಿರಬೇಕು, ಅಂದುಕೊಳ್ಳಲಿ. ಕಾಪಿ ಮಾಡ್ಕೊಂಡೋಗು, ಇಲ್ಲೂ ಒಂದು ಇರ್ಲಿ, ಎಂದೂ ಕೇಳಿದೆ, ಕೇಳಬಾರದಿತ್ತು, ಎರಡು ಕಡೆ ಇದ್ರೆ ಚೆನ್ನಾಗಿರಲ್ಲಮ್ಮ, ಎಂದಳು.

ಅದೇ ಮಾತನ್ನು ಹದಿಮೂರನೇ ವಯಸ್ಸಿನಲ್ಲೂ ಹೇಳಿದ್ದಳು, ಒಂದು ವಾರ ಅವರಪ್ಪನ ಮನೆ, ಒಂದು ವಾರ ನನ್ನದು, ಎರಡು ದಿಂಬು, ಎರಡು ಹಲ್ಲುಜ್ಜುವ ಬ್ರಷ್ಷು, ಬೇಕಾದ ಪುಸ್ತಕ ಯಾವಾಗಲೂ ಆ ಇನ್ನೊಂದು ಮನೆಯಲ್ಲಿ, ಎರಡು ಕಡೆ ಇರಕ್ಕಾಗಲ್ಲಮ್ಮ, ಅಪ್ಪನ ಮನೆ ಶಾಲೆಗೆ ಹತ್ರ, ನಿಜವೇ, ನಡೆದರೆ ಐದು ನಿಮಿಷ, ನಿಜಕ್ಕೆ ನಾನೇನು ಎದುರು ಹೇಳಲಿ, ಚೀಲ ನಾನೇ ಕಟ್ಟಿಕೊಟ್ಟೆ, ಅಂಗಿಗಳ ಮಡಿಕೆಯಲ್ಲಿ ಮೂರಿಂಚು ಬಟ್ಟೆ ಬಿಟ್ಟು ಹೊಲಿದಿದ್ದೆ, ಬೆಳೆದಾಗ ಬಿಚ್ಚಿಸಲು ನನ್ನ ಹತ್ತಿರವೇ ಬರಬೇಕಲ್ಲ ಎಂಬ ಲೆಕ್ಕ, ಬರಲಿಲ್ಲ, ಅವರಪ್ಪ ಹೊಸ ಅಂಗಿ ಕೊಡಿಸಿದರು, ತಪ್ಪೇನಿಲ್ಲ. ಶನಿವಾರ ಬರುತ್ತಿದ್ದಳು, ಆಮೇಲೆ ಒಂದು ಬಿಟ್ಟು ಒಂದು ಶನಿವಾರ, ಆಮೇಲೆ ಈ ನಕ್ಷೆ, ಇಬ್ಬರೂ ಅವರವರ ಮನೆಯಲ್ಲಿ ಕೂತು ತೆರೆಯಬಹುದು, ಚೌಕ ಚೌಕ ಜೋಡಿಸಿ ಊರು ಕಟ್ಟುವುದು, ಹುಲ್ಲಿನ ಚೌಕ, ಗೋಡೆಯ ಚೌಕ, ದಾರಿಯ ಚೌಕ, ಬೇಕಾದಷ್ಟನ್ನು ಎಳೆದು ಹಿಡಿದು ಕಾಪಿ ಮಾಡಿ ಬೇಕಾದ ಕಡೆ ಇಡುವುದು. ನನ್ನ ಅಂಗಡಿಯಿಂದ ಅವಳ ಬಾಗಿಲಿನವರೆಗೆ ದಾರಿ ಹಾಕಲು ಹೊರಟೆ, ತುಂಡು ತುಂಡಾಗಿ ಕಾಪಿ ಮಾಡಿ ಇಟ್ಟರೆ ಪ್ರತಿ ತುಂಡೂ ಸುತ್ತ ಹುಲ್ಲು ಕಂಡ ಕೂಡಲೇ ತಾನೇ ಅಂಚು ಮಡಚಿ ದುಂಡಗೆ ಮುಚ್ಚಿಕೊಳ್ಳುತ್ತಿತ್ತು, ಈ ಮೌಸೇ ಸರಿಯಿಲ್ಲ ಎಂದೆ, ಕುಣಿಯಕ್ಕೆ ಬಾರದೋಳು ನೆಲ ಡೊಂಕು ಅಂದ್ಲಂತೆ, ಎಂದು ಫೋನಿನಲ್ಲಿ ನಕ್ಕಳು, ಆ ನಗೆ, ಮುಂದಿನ ಎರಡು ಹಲ್ಲು ಕಾಣುವ ನಗೆ, ಕಿವಿಯಲ್ಲೇ ಕಂಡೆ – ಅಮ್ಮ, ಶಿಫ್ಟ್ ಒತ್ತಿ ಹಿಡ್ಕೊಂಡು ಇಡು, ಆಗ ಪಕ್ಕ ಏನಿದೆ ಅಂತ ನೋಡಲ್ಲ ಅದು, ಮೊದ್ಲು ಹೆಂಗಿತ್ತೋ ಹಂಗೇ ಇರುತ್ತೆ. ಹಿಡಿದೆ, ಎಡಗೈ ಕಿರುಬೆರಳು ನೋಯುವವರೆಗೆ ಹಿಡಿದೆ, ದಾರಿ ಬಾಯಿ ಮುಚ್ಚದೆ ನಿಂತಿತು, ಮುಂದಿನ ತುಂಡಿಗೆ ಕಾದು ನಿಂತಿತು, ಒಂದೊಂದೇ ಇಟ್ಟೆ, ಮೂವತ್ತೊಂದು ಚೌಕ, ಮೂವತ್ತೊಂದನೆಯದು ಅವಳ ಹೊಸ್ತಿಲು. ಆಮೇಲೆ ದಿನಾ ನಕ್ಷೆಯಲ್ಲಿ ನನ್ನ ಅಂಗಡಿ ಬಾಗಿಲಲ್ಲಿ ಏನಾದರೊಂದು ಇಟ್ಟುಹೋಗುತ್ತಿದ್ದಳು, ಒಂದು ದಿನ ಹೂಕುಂಡ, ಒಂದು ದಿನ ಬೆಕ್ಕು, ಪರೀಕ್ಷೆ ಕೆಟ್ಟ ದಿನ ಒಂದು ಕಪ್ಪು ಬಂಡೆ, ಅದನ್ನು ನೋಡಿಯೇ ಫೋನು ಮಾಡಿದ್ದೆ, ನಿಂಗೆ ಹೆಂಗೆ ಗೊತ್ತಾಯ್ತು ಅಮ್ಮ, ಅಳುತ್ತಿದ್ದಳು. ಹೆತ್ತವಳಿಗೆ ಇಷ್ಟಾದರೂ ಗೊತ್ತಾಗದಿದ್ದರೆ ಹೇಗೆ, ಎಂದೆ, ಗೊತ್ತಾದದ್ದು ಬಂಡೆಯಿಂದ ಮಾತ್ರ. ನನಗೆ ನನ್ನ ಮಗಳು ಬೇಕು, ಮನೆಯಲ್ಲ, ಹೂಕುಂಡವಲ್ಲ, ಅವಳು ಬೇಕು, ಇದನ್ನು ಪಿನ್ನು ತೆಗೆದು ಹೇಳಬೇಕಿತ್ತು.

ಮೇಡಂ ಆಯ್ತಾ, ಬ್ಯಾಂಕಿನವರು ಬಂದೇಬಿಟ್ಟರು, ಇನ್ನೂ ಮೂರೂಮುಕ್ಕಾಲು, ಕೂತ್ಕೊಳಿ ಸಾರ್, ಒಂದು ಹೊಲಿಗೆ ಬಾಕಿ, ಪರವಾಗಿಲ್ಲ ನಿಧಾನ ಮಾಡಿ, ಎಂದು ಕುರ್ಚಿ ಎಳೆದುಕೊಂಡರು, ಪ್ಯಾಂಟು ತೊಡೆಯ ಮೇಲಿದೆ, ಕೈ ಮಾತ್ರ ಮೌಸಿನ ಮೇಲೆ, ಸರಿಸಿದೆ, ಹತ್ತನೆಯ ಚೌಕ, ಇಪ್ಪತ್ತು, ಮರದ ಕೆಳಗಿನ ಬೆಂಚು, ಇಪ್ಪತ್ತೆಂಟು, ಮನೆ ಇಲ್ಲ. ಹೊಸ್ತಿಲೂ ಇಲ್ಲ. ಮನೆಯಿದ್ದ ಜಾಗಕ್ಕೆಲ್ಲ ಹುಲ್ಲು ಹಾಸಿದ್ದಾಳೆ, ಅಚ್ಚುಕಟ್ಟಾಗಿ, ಎಂದೂ ಏನೂ ಇರಲಿಲ್ಲವೆಂಬ ಹಾಗೆ, ಸರಿ, ಹೇಳಿದ್ದನ್ನೇ ಮಾಡಿದ್ದಾಳೆ, ನಾನೂ ಒಪ್ಪಿದ್ದೆ, ಕಣ್ಣು ಉರಿಯುತ್ತಿರುವುದು ಹಬೆಯಿಂದ – ತಡಿ, ಮೂವತ್ತನೆಯದು, ದಾರಿಯ ಈಗಿನ ಕೊನೆಯ ಚೌಕ, ಪಕ್ಕ ಹುಲ್ಲು ಬಂದರೆ ಅದು ದುಂಡಗೆ ಮುಚ್ಚಿಕೊಳ್ಳಬೇಕಿತ್ತು, ಮುಚ್ಚಿಲ್ಲ, ಅಂದರೆ ಹುಲ್ಲು ಹಾಸುವಾಗ ಶಿಫ್ಟ್ ಒತ್ತಿ ಹಿಡಿದಿದ್ದಾಳೆ, ಬೇಕೆಂದೇ ಹಿಡಿದಳೋ, ಅಭ್ಯಾಸಬಲದಿಂದ ಬೆರಳು ಅಲ್ಲೇ ಕೂತಿತ್ತೋ, ಬೇಕೆಂದೇ ಇರಲಿ, ಬೇಕೆಂದೇ. ಶಿಫ್ಟ್ ಹಿಡಿಯದೆ ನಾನೊಂದು ಸಲ ಆ ಚೌಕದ ಮೇಲೆ ಮೌಸ್ ಒತ್ತಿದರೆ ಸಾಕು, ತಾನೇ ಮಡಚಿಕೊಂಡು ಚೆಂದವಾಗಿ ಮುಗಿಯುತ್ತದೆ, ಮುಗಿಸದೆ ಬಿಟ್ಟ ಅಂಚು ಕಂಡರೆ ಈ ಕೈಗೆ ತಡೆಯಲಾಗದು, ಇಪ್ಪತ್ತು ವರ್ಷದ ಚಾಳಿ, ಮೇಡಂ, ಬಸ್ಸಿಗೆ ಹೊತ್ತಾಯ್ತು, ಹೂಂ ಸಾರ್, ಆಯ್ತು, ಎನ್ನುತ್ತಿದ್ದೇನೆ, ಕೈ ಮೌಸಿನಿಂದ ತೆಗೆದೆ, ತೆಗೆದು ಮಡಿಲಲ್ಲಿಟ್ಟುಕೊಂಡೆ, ಮೂವತ್ತನೆಯ ಚೌಕ, ಹುಲ್ಲಿಗೆ ಬಾಯಿ ತೆರೆದುಕೊಂಡು, ಮೂವತ್ತನೆಯ ಚೌಕ –