ಬೆರಳಿಗೆ ಸಿಗದ ಅಂಚು

ನುಣ್ಣಗಿದೆ, ಎಲ್ಲಿ ಮುಟ್ಟಿದರೂ ನುಣ್ಣಗೇ ಇದೆ, ತಗಡಿನ ಮಾಡಿನ ತೂತಿನಿಂದ ಇಳಿದ ಬಿಸಿಲು ಸ್ಪೂಲಿನ ಅಂಚಿನ ಮೇಲೆ ಒಂದು ಸುತ್ತು ಹೊಡೆದು ಈಶಪ್ಪನ ಕಣ್ಣಿಗೆ ಬಂದು ಚುಚ್ಚುತ್ತಿದೆ, ಕಣ್ಣಿಗಾದರೂ ಚುಚ್ಚುತ್ತದಲ್ಲ, ಬೆರಳಿಗೆ ಯಾಕಿಲ್ಲ — ಮತ್ತೆ ತಿರುಗಿಸುತ್ತಾನೆ, ಗಾಳದ ರೀಲಿನಲ್ಲಿ ದಾರ ಸುತ್ತಿಕೊಳ್ಳುವ ಬಟ್ಟಲಿನಂಥ ಭಾಗ ಅದು, ಅಂಗಡಿಯಿಂದ ತಂದಾಗ ಪ್ಲಾಸ್ಟಿಕ್ಕಿನದು, ಅದನ್ನು ಕಿತ್ತು ಅಲ್ಯೂಮಿನಿಯಮ್ಮಿನದು ಹಾಕಿಸುವುದು, ಒಳಗಿನ ಹಲ್ಲುಗಾಲಿ ತೆಗೆದು ಹಿತ್ತಾಳೆಯದು ಕೂರಿಸುವುದು, ಹಿಡಿಕೆಯನ್ನೂ ಬದಲಿಸುವುದು, ವೈಟ್‌ಫೀಲ್ಡ್ ಕಡೆಯ ಭಾನುಪ್ರಕಾಶ್ ಸಾರ್‌ಗೂ ಅವರ ಗೆಳೆಯರಿಗೂ ಅದೊಂದು ಶೋಕಿ, ಆ ಶೋಕಿಯ ಮೇಲೆಯೇ ಪೀಣ್ಯದ ಈ ಶೆಡ್ಡಿನ ಲೇತು ತಿರುಗುತ್ತಿದೆ ಅಂತ ಮಾಲೀಕರು ನಲ್ಲಪ್ಪನವರೇ ಹೇಳುತ್ತಾರೆ, ಅಷ್ಟು ಕಷ್ಟಪಟ್ಟು ಹಿಡಿದ ಮೀನಿನ ಫೋಟೊ ತೆಗೆದು ವಾಪಸ್ಸು ನೀರಿಗೇ ಬಿಡುತ್ತಾರಂತೆ, ಅದನ್ನು ಮನೆಯಲ್ಲಿ ಹೇಳಿದಾಗ ಹೆಂಡತಿ ಶೈಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಬಿಡಾಕಂತ ಹಿಡಿತಾರಂತೇನ್ರಿ, ಈಗ ಮೀನಿಗೂ ಫೋಟೊ ಬೇಕಾತು ಅನ್ರಿ, ಅಂತ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು, ರೊಟ್ಟಿ, ಬೇಡ, ಈಗ ರೊಟ್ಟಿಯ ನೆನಪು ಬೇಡ, ಆದರೆ ಬಂದೇಬಿಟ್ಟಿತು — ಹಂಚು, ಕೆಂಪಗೆ ಕಾದ ಹಂಚು, ಅದರ ಮೇಲೆ ಶೇಖವ್ವ ದೊಡ್ಡವ್ವನ ಅಂಗೈ, ಅವ್ವನ ಅಕ್ಕ, ಊರಲ್ಲಿ ಎಲ್ಲರೂ ಬಟ್ಟೆಯಲ್ಲಿ ರೊಟ್ಟಿ ಒತ್ತಿದರೆ ಅವಳು ಬರಿಗೈಯಲ್ಲೇ ಒತ್ತುತ್ತಿದ್ದಳು, ಹಂಚಿಗೇ ತಾಗಿದರೂ ತೆಗೆಯುತ್ತಿರಲಿಲ್ಲ, ಹುಡುಗರೆಲ್ಲ ಸುತ್ತ ಕೂತು ಬಾಯಿ ಬಿಟ್ಟು ನೋಡುತ್ತಿದ್ದರು, ಸುಡಂಗಿಲ್ಲೇನು ದೊಡ್ಡವ್ವ, ನನ್ನ ಕೈ ಸುಡಂಗಿಲ್ಲೋ ತಮ್ಮ, ದೊಡ್ಡಾದ ಮೇಲೆ ನಾನೂ ದೊಡ್ಡವ್ವನಂಗ ಆಗಬೇಕು ಅಂದಿದ್ದ ಅವನು, ಅಂದಿದ್ದನಲ್ಲ, ಆ ಮಾತು ಯಾವ ದೇವರ ಕಿವಿಗೆ ಬಿತ್ತೋ.

ಏನ್ ಈಶಪ್ಪ, ಆಯ್ತಾ, ನಲ್ಲಪ್ಪನವರು ಕೇಳುತ್ತಿದ್ದಾರೆ, ಪಕ್ಕದಲ್ಲಿ ಭಾನುಪ್ರಕಾಶ್ ಸಾರ್ ಟೀ ಲೋಟವನ್ನು ಕರವಸ್ತ್ರದಲ್ಲಿ ಸುತ್ತಿ ಊದುತ್ತ ನಿಂತಿದ್ದಾರೆ, ಈಶಪ್ಪನೂ ಅದೇ ಕೆಟಲಿನ ಟೀ ಕುಡಿದ, ಬರಿಗೈಯಲ್ಲಿ, ಬಿಸಿ ಗೊತ್ತಾದದ್ದು ತುಟಿಗೆ ಮಾತ್ರ, ತುಟಿಗೆ ಇನ್ನೂ ಗೊತ್ತಾಗುತ್ತದೆ, ಬೆಳಿಗ್ಗೆ ಯಾರೂ ಬರುವ ಮೊದಲೇ ಬಂದು ಅಂಚುಗಳನ್ನೆಲ್ಲ ತುಟಿಗೆ ಸವರಿಕೊಂಡು ನೋಡುವುದು ಅದಕ್ಕೇ, ಇದು ಮಾತ್ರ ಈಗಷ್ಟೇ ಲೇತಿನಿಂದ ಇಳಿದದ್ದು, ಲೋಹ ಕೊಯ್ದ ಕಡೆ ಮುಳ್ಳೊಂದು ಉಳಿಯುತ್ತದೆ, ಇಲ್ಲಿಯವರು ಬರ್ ಅನ್ನುತ್ತಾರೆ, ಕಣ್ಣಿಗೆ ಕಾಣುವುದಿಲ್ಲ, ಆದರೆ ಮೀನು ಎಳೆದಾಗ ದಾರ ಅದರ ಮೇಲೆಯೇ ಜಾರಿ ಹೋಗಬೇಕು, ಅಲ್ಲೇ ತುಂಡಾಗುತ್ತದೆ, ಅದನ್ನು ಹುಡುಕಿ ತೆಗೆಯುವುದೇ ಅವನ ಕೆಲಸ, ಹೊಸಬರಾದರೆ ಹತ್ತಿಯ ಎಳೆ ಸವರಿ ಅದು ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ನೋಡುತ್ತಾರೆ, ಅವನು ಅವರನ್ನು ನೋಡಿ ನಗುತ್ತಿದ್ದ, ಈಗ ಪ್ಯಾಂಟಿನ ಜೇಬಿನಲ್ಲಿ ಹತ್ತಿಯ ಉಂಡೆ ಇದೆ, ಇವರೆದುರು ತೆಗೆಯುವುದು ಹೇಗೆ, ನಮ್ಮ ಈಶಪ್ಪನ ಬೆರಳೇ ನಮ್ಮ ಮೀಟರು ಸಾರ್ ಅಂತ ನಲ್ಲಪ್ಪನವರು ಬಂದವರಿಗೆಲ್ಲ ಹೇಳಿಕೊಂಡವರು, ಹೋದ ಸಲದ ಸ್ಪೂಲು ವಾಪಸ್ಸು ಬಂತು, ಜೀವಮಾನದ ಮೀನು ತಪ್ಪಿಸಿಕೊಂಡಿತು ಅಂದರು ಭಾನುಪ್ರಕಾಶ್ ಸಾರ್, ಬಿಡುವ ಮೀನೇ ಆದರೂ ತಾನಾಗಿ ಹೋದದ್ದಕ್ಕೆ ಮುಖ ಸಣ್ಣದಾಗಿತ್ತು, ನಲ್ಲಪ್ಪನವರು ಹೆಬ್ಬೆರಳಿಟ್ಟ ಕೂಡಲೇ ಬರ್ ಸಿಕ್ಕಿಬಿಟ್ಟಿತು, ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಇದು ನಿನ್ ಕೈ ದಾಟಿ ಹೋಗಿದ್ದಾ ಈಶಪ್ಪ ಅಂತ ಮಾತ್ರ ಕೇಳಿದರು, ಕೈ ದಾಟಿ, ಹೌದು, ಕೈಯನ್ನೇ ದಾಟಿ ಹೋಗಿದೆ ಏನೋ, ಮೊದಲು ಕಿರುಬೆರಳು, ಆಮೇಲೆ ಉಂಗುರದ ಬೆರಳು, ಈಗ ಪೂರ್ತಿ ಕೈ, ಚಳಿಗೆ ಮರಗಟ್ಟಿದೆ ಅಂದುಕೊಂಡ, ಲೇತು ತಣಿಸಲು ಸುರಿಯುವ ಕೂಲೆಂಟ್ ನೀರಿಗೆ ಹೀಗಾಗಿದೆ ಅಂದುಕೊಂಡ, ಮೊಣಕೈ ಹತ್ತಿರದ ಬಿಳಚು ಮಚ್ಚೆಯನ್ನು ಶೈಲಾ ಚಿಬ್ಬು ಅಂತ ತಿಳಿದು ಎಣ್ಣೆ ಹಚ್ಚಿದಳು, ಅವಳ ಬೆರಳು ಮಚ್ಚೆಯ ಅಂಚಿನವರೆಗೆ ತಿಳಿಯಿತು, ಅದರೊಳಗೆ ಹೋಗಿ ಮಾಯವಾಯಿತು, ಅವತ್ತಿನಿಂದ ಸೆಕೆಯಲ್ಲೂ ತುಂಬು ತೋಳಿನ ಅಂಗಿ. ದಾರಿಯ ಆಸ್ಪತ್ರೆ ಗೋಡೆಯ ಮೇಲೆ ಬರೆದಿದೆ, ಸ್ಪರ್ಶ ತಿಳಿಯದ ಮಚ್ಚೆ ಇದ್ದರೆ ತೋರಿಸಿ, ಔಷಧಿ ಉಚಿತ, ಪೂರ್ಣ ಗುಣವಾಗುತ್ತದೆ, ದಿನಾ ಓದುತ್ತಾನೆ, ಗುಣವಾಗುತ್ತದೆ ಅಂತಲೇ ಬರೆದಿದ್ದಾರೆ, ಕಾಲು ಮಾತ್ರ ಒಳಗೆ ತಿರುಗುವುದಿಲ್ಲ, ಮನೆ ಮನೆಗೆ ಆರೋಗ್ಯ ವಿಚಾರಿಸಲು ಬರುವ ಆಶಾ ಅಕ್ಕ ರೂಮಿನ ಬಾಗಿಲಿಗೆ ಬಂದು, ಮನೇಲಿ ಯಾರಿಗಾದ್ರೂ ಮಚ್ಚೆ ಗಿಚ್ಚೆ ಇದೆಯೇನಮ್ಮ ಅಂದಾಗ ಇವನು ಒಳಗೆ ಹೊದ್ದುಕೊಂಡು ಮಲಗಿದ್ದ, ಇಲ್ಲಕ್ಕ ಅಂದಳು ಶೈಲಾ, ಪಾಪ, ಅವಳ ಲೆಕ್ಕದಲ್ಲಿ ಅದು ಎಣ್ಣೆಗೆ ಹೋದ ಚಿಬ್ಬು, ಅವಳಿಗೇನು ಗೊತ್ತು, ಗೊತ್ತಾದರೆ ವಠಾರದ ನಲ್ಲಿಯ ಹತ್ತಿರ ಅವಳ ಕೊಡಕ್ಕೆ ಯಾರು ಜಾಗ ಬಿಡುತ್ತಾರೆ, ಊರಲ್ಲಿ ಶೇಖವ್ವನನ್ನು ಕಾಲುವೆ ಪಕ್ಕದ ಹೊಲದ ಗುಡಿಸಲಿಗೆ ಹಾಕಿದರು, ತಾಟನ್ನು ಕೋಲಿನಿಂದ ಮುಂದಕ್ಕೆ ನೂಕುತ್ತಿದ್ದರು, ಸ್ವಂತ ಅಣ್ಣ ತಮ್ಮಂದಿರೇ, ಅವ್ವ ಬದುವಿನ ಮೇಲೆ ನಿಂತು ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು, ಹತ್ತಿರ ಹೋಗುತ್ತಿರಲಿಲ್ಲ, ಶೇಖವ್ವ ಮಾತ್ರ ದೂರದಿಂದ ಇವನಿಗೆ ಕೈ ಬೀಸುತ್ತಿದ್ದಳು, ಬೆರಳು ಮಡಿಚಿಕೊಂಡ ಕೈ, ಹಂಚಿನ ಮೇಲೆ ಇಡುತ್ತಿದ್ದ ಅದೇ ಕೈ, ನನ್ನ ಕೈ ಸುಡಂಗಿಲ್ಲೋ ತಮ್ಮ.

ಅಣ್ಣಾ, ಈ ಸಲ ಪಕ್ಕಾ ತಾನೆ, ನಾಳೆ ಕಾವೇರಿ ಕಡೆ ಹೊರಟಿದ್ದೀವಿ, ಭಾನುಪ್ರಕಾಶ್ ಸಾರ್ ಲೋಟ ಕೆಳಗಿಟ್ಟು ಕೈ ಚಾಚುತ್ತಿದ್ದಾರೆ, ಒಂದೇ ನಿಮಿಷ ಸಾರ್, ಗಟ್ಟಿಯಾಗಿ ಒತ್ತಿದರೆ ತಿಳಿಯಬಹುದು, ಒತ್ತುತ್ತಾನೆ, ಬಲಗೈಯ ತೋರುಬೆರಳನ್ನು ಅಂಚಿನ ಮೇಲೆ ಒತ್ತಿ ಸ್ಪೂಲನ್ನು ನಿಧಾನಕ್ಕೆ ತಿರುಗಿಸುತ್ತಾನೆ, ಬಾ, ಎಲ್ಲಿದ್ದರೂ ಬಾ, ಒಂದು ಸಲ ಚುಚ್ಚು ಸಾಕು, ಇಷ್ಟು ದಿನ ನಿನ್ನನ್ನು ಹುಡುಕಿ ಹುಡುಕಿ ತೆಗೆದೆ, ಇವತ್ತು ನೀನಾಗಿ ಸಿಗು — ತುಟಿಗೆ ಎತ್ತಿಕೊಳ್ಳಲೇ, ಇಬ್ಬರೂ ನೋಡುತ್ತಿದ್ದಾರೆ, ಸ್ಪೂಲಿಗೆ ಮುತ್ತಿಟ್ಟ ಅಂತ ಶೆಡ್ಡೆಲ್ಲ ನಗುತ್ತದೆ, ನಗಲಿ, ನಕ್ಕು ಸುಮ್ಮನಾದರೆ ಪುಣ್ಯ, ಯಾಕೆ ಅಂತ ಕೇಳಿದರೆ — ನುಣ್ಣಗಿದೆ, ಒಂದು ಸುತ್ತು, ಇನ್ನೊಂದು ಸುತ್ತು, ಹಿತ್ತಾಳೆಯಾದರೂ ನುಣ್ಣಗೆ, ಕಬ್ಬಿಣವಾದರೂ ನುಣ್ಣಗೆ, ಲೋಕದ ಅಂಚುಗಳನ್ನೆಲ್ಲ ಯಾರೋ ಉಜ್ಜಿಟ್ಟು ಹೋದ ಹಾಗೆ, ಪಕ್ಕಾ ಸಾರ್, ತಗೊಳ್ರಿ, ಅಂದುಬಿಟ್ಟ, ಚಾಚಿದ, ಆದರೆ ಸಾರ್ ತೆಗೆದುಕೊಳ್ಳುತ್ತಿಲ್ಲ, ಅವರು ಚಾಚಿದ ಕೈ ಹಾಗೇ ನಿಂತಿದೆ, ಅಣ್ಣಾ, ರಕ್ತ, ಅನ್ನುತ್ತಿದ್ದಾರೆ, ಯಾರದು ರಕ್ತ, ಬೆಳ್ಳನೆಯ ಅಂಚಿನ ಸುತ್ತ ಕೆಂಪು ಎಳೆಯೊಂದು ಆಗಲೇ ಸುತ್ತಿಕೊಂಡಿದೆ, ದಾರ ಸುತ್ತಿದಷ್ಟೇ ನೀಟಾಗಿ, ಬೆರಳಿನ ತುದಿ ಸೀಳಿ ಬಾಯಿ ತೆರೆದಿದೆ, ಸಿಕ್ಕಿತಲ್ಲ ಬರ್, ಅಲ್ಲೇ ಇತ್ತು, ಸುತ್ತು ಸುತ್ತಿಗೂ ಕೊಯ್ಯುತ್ತಲೇ ಇತ್ತು, ನಲ್ಲಪ್ಪನವರು ಮಣಿಕಟ್ಟು ಹಿಡಿದಿದ್ದಾರೆ, ಹಿಡಿದಿದ್ದು ಕಾಣುತ್ತಿದೆ, ಅಂಗಿಯ ತೋಳು ಮೊಣಕೈವರೆಗೆ ಸರಿದಿದೆ, ಮಚ್ಚೆಯ ಅಂಚು ಹೊರಗೆ ಇಣುಕಿದೆ, ಅವರು ಅದನ್ನೂ ನೋಡಿದರು, ಈಶಪ್ಪ, ನೋಯ್ತಿಲ್ವೇನೋ — ನೋಯುತ್ತದೆ ಅನ್ನಬೇಕು, ಹಾ ಅನ್ನಬೇಕು, ಬೆರಳನ್ನು ಬಾಯಿಗಿಟ್ಟುಕೊಳ್ಳಬೇಕು, ನೋವಾದಾಗ ಮುಖವನ್ನು ಯಾವ ಕಡೆ ಕಿವುಚುತ್ತಾರೆ, ಹುಬ್ಬು ಮೇಲಕ್ಕೋ ಕೆಳಕ್ಕೋ, ಬೇಗ, ಅವರು ಕಾಯುತ್ತಿದ್ದಾರೆ, ಲೇತು ಕೂಡ ನಿಂತಿದೆ, ಇಲ್ರೀ, ಅಂತ ಯಾರೋ ಅಂದರು, ಇವನದೇ ಬಾಯಿ, ನೋಯಂಗಿಲ್ರೀ, ಇವನ ದನಿಯಲ್ಲ, ದೊಡ್ಡವ್ವನ ದನಿ, ಹಿಟ್ಟಿನ ವಾಸನೆ, ಹೊಗೆ, ರೊಟ್ಟಿ ಉಬ್ಬುತ್ತಿದೆ, ಹುಡುಗರು ಸುತ್ತ ಕೂತಿದ್ದಾರೆ, ಕೈ ತೆಗಿ ದೊಡ್ಡವ್ವ, ಕೈ ತೆಗಿ, ಹಂಚು, ಕೆಂಪಗೆ ಕಾದ ಹಂಚು, ಹಂಚಿನ ಮೇಲೆ ಅಂಗೈ, ಅಲ್ಲೇ ಇದೆ, ಅಂಗೈ ಅಲ್ಲೇ ಇದೆ