ತುಳಿಯಬಾರದ ಹೊಸ್ತಿಲು

ಹೊಸದುರ್ಗದ ಥೆರಪಿ ಕೋಣೆಯಲ್ಲಿ ಪ್ರೀತಿ ಮರದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ಹತ್ತುವುದೆಂದರೆ ಗೋಡೆಯ ಕಂಬಿ ಹಿಡಿದು ಬಲಗಾಲನ್ನು ಮೇಲಿಡುವುದು, ಎಡಗಾಲನ್ನು ಎಳೆದು ಅದರ ಪಕ್ಕಕ್ಕೆ ತರುವುದು, ಆಮೇಲೆ ಆಚೆಗೆ ಇಳಿಯುವುದು. ಒಂಬತ್ತು ವರ್ಷದ ಹುಡುಗಿ. ಹುಟ್ಟುವಾಗ ಉಸಿರುಕಟ್ಟಿ ಮಿದುಳಿಗೆ ಪೆಟ್ಟಾಗಿ ಕಾಲುಗಳು ಬಿಗಿದುಕೊಂಡಿದ್ದವು. ಇಷ್ಟು ಕಲಿಯುವುದಕ್ಕೇ ಎರಡು ವರ್ಷ ಹಿಡಿದಿತ್ತು. ಮೆಟ್ಟಿಲನ್ನು ಮುಟ್ಟದೆ ಒಂದೇ ಹೆಜ್ಜೆಗೆ ದಾಟುವಷ್ಟು ಕಾಲು ಮೇಲೇಳುತ್ತಿರಲಿಲ್ಲ, ಮುಂದೆ ಏಳುವ ಭರವಸೆಯೂ ಇರಲಿಲ್ಲ. ಮೇಲೆ ಕಾಲಿಟ್ಟೇ ದಾಟಬೇಕು.

ಇಷ್ಟೆಲ್ಲ ಸರ್ಕಸ್ಸು ಒಲಿಂಪಿಕ್ಸಿಗಲ್ಲ, ಕಕ್ಕಸಿಗೆ. ಶ್ರೀರಾಂಪುರದ ಹತ್ತಿರ ಅವರ ಮನೆ. ಕಕ್ಕಸು ಅಂಗಳದ ಮೂಲೆಯಲ್ಲಿ. ತಾಯಿ ಯಮುನಾ ಈರುಳ್ಳಿ ಕೀಳುವ ಕೂಲಿಗೆ ಹೋದರೆ ಬರುವುದು ಸಂಜೆ. ಅಜ್ಜಿ ಮುದ್ದಕ್ಕನಿಗೆ ಸೊಂಟ ಹಿಡಿದ ಮೇಲೆ ಬೆಳೆದ ಹುಡುಗಿಯನ್ನು ಎತ್ತಲು ಆಗುತ್ತಿರಲಿಲ್ಲ. ಹಾಗಾಗಿ ಪ್ರೀತಿ ಹಗಲೆಲ್ಲ ನೀರು ಕುಡಿಯದೆ ತಡೆದುಕೊಂಡು ಕೂರುತ್ತಿದ್ದಳು. ಉರಿಮೂತ್ರವಾಗಿ ಜ್ವರವೂ ಬಂದಿತ್ತು. ಒಂದು ದಿನ ತಡೆಯಲಾರದೆ ಚಾಪೆ ಒದ್ದೆಯಾದಾಗ, ಗೋಡೆಗೆ ಮುಖ ಮಾಡಿ ಮಲಗಿದವಳು ರಾತ್ರಿ ಊಟಕ್ಕೂ ಏಳಲಿಲ್ಲವಂತೆ. ಇದನ್ನು ಹೇಳುವಾಗ ಯಮುನಾ ದನಿ ತಗ್ಗಿಸಿದ್ದಳು.

ಕೇಳಿಸಿಕೊಂಡ ಸುಚಿತ್ರಾ ವಾರಕ್ಕೊಮ್ಮೆ ಹೊಳಲ್ಕೆರೆಯಿಂದ ಬಸ್ಸು ಹಿಡಿದು ಈ ಥೆರಪಿ ಕೋಣೆಗೆ ಬರುವ ಫಿಸಿಯೋಥೆರಪಿಸ್ಟ್. ಅವಳು ಹೇಳಿದಂತೆ ಗಾರೆ ಕೆಲಸದ ಅಪ್ಪ ಜಯಕುಮಾರ್ ಬಾಗಿಲಿನಿಂದ ಕಕ್ಕಸಿನವರೆಗೂ ಗೋಡೆಗೆ ಕಬ್ಬಿಣದ ಪೈಪು ಕೂರಿಸಿದ್ದ. ಒಳಗೆ ಕೂರಲು ತೂತಿನ ಕುರ್ಚಿಯೂ ಬಂತು. ಆದರೂ ಹುಡುಗಿ ಮನೆಯ ಬಾಗಿಲ ತನಕ ಬಂದು ನಿಂತುಬಿಡುತ್ತಾಳೆ ಎಂಬ ವರದಿ ಪ್ರತಿ ವಾರವೂ ಬರುತ್ತಿತ್ತು. ಇಲ್ಲಿ ಹತ್ತುವವಳು ಅಲ್ಲಿ ಯಾಕೆ ಹತ್ತಳು? ಮನೆಯಲ್ಲಿ ಅಭ್ಯಾಸ ಮಾಡಿಸುತ್ತಿಲ್ಲ ಎಂದು ಸುಚಿತ್ರಾ ತೀರ್ಮಾನಿಸಿ, ಯಮುನಾಳಿಗೆ ನಯವಾಗಿಯೇ ಚುಚ್ಚಿದಳು. ದಿನವಿಡೀ ಬಗ್ಗಿ ದುಡಿದು ಬಂದು ಮಗಳ ಕಾಲು ನೀವುವ ಹೆಂಗಸು ಅದಕ್ಕೆ ಎದುರು ಹೇಳಲಿಲ್ಲ. ನೀವೇ ಒಂದ್ಸಲ ಬಂದು ನೋಡ್ರಿ ಎಂದಳು ಅಷ್ಟೆ.

ಸುಚಿತ್ರಾ ಒಂದು ಭಾನುವಾರ ಹೋದಳು. ಮನೆಯವರೆಲ್ಲ ಇದ್ದರು. ಪ್ರೀತಿ ಗೋಡೆ ಹಿಡಿದು ಬಾಗಿಲಿಗೆ ಬಂದು, ತಲೆ ತಗ್ಗಿಸಿ ನಿಂತಳು. ಮುಂದೆ ಅರಿಶಿನ ಬಳಿದ ಮರದ ಹೊಸ್ತಿಲು. ಮೇಲೆ ಕುಂಕುಮ, ಎರಡು ಚೆಂಡುಹೂವು. ಎತ್ತರ ನೋಡಿದರೆ ಥೆರಪಿ ಕೋಣೆಯ ಮೆಟ್ಟಿಲಿಗಿಂತ ಕಡಿಮೆಯೇ. ಅಲ್ಲಿ ಇಟ್ಟ ಹಾಗೆಯೇ ಇದರ ಮೇಲೂ ಕಾಲಿಡು ಎಂದಳು ಸುಚಿತ್ರಾ. ಆಡಬಾರದ ಮಾತು ಕೇಳಿದವಳಂತೆ ಹುಡುಗಿ ಅವಳ ಮುಖ ನೋಡಿದಳು.

"ಅದು ಹೊಸ್ಲು, ಮೇಡಂ."

ಸುಚಿತ್ರಾಳಿಗೆ ನಗು ಬಂತು, ಹಿಂದೆಯೇ ನಾಚಿಕೆಯಾಯಿತು. ಈಗಷ್ಟೇ ಒಳಗೆ ಬರುವಾಗ ತಾನೂ ಅದನ್ನು ತುಳಿಯದೆ ದಾಟಿದ್ದಳು. ಹುಟ್ಟಿದಾಗಿನಿಂದ ಯಾವ ಮನೆಯ ಹೊಸ್ತಿಲನ್ನೂ ತುಳಿದವಳಲ್ಲ; ಮಗುವಿಗೆ ಮಾತ್ರ ಎರಡು ವರ್ಷದಿಂದ ತುಳಿಯುವುದನ್ನೇ ಕಲಿಸುತ್ತಿದ್ದಳು.

ಜಯಕುಮಾರ್‌ಗೆ ಇದೊಂದು ಸಮಸ್ಯೆ ಅನ್ನಿಸಲೇ ಇಲ್ಲ. ಉಳಿ ತಂದರೆ ಊಟದ ಹೊತ್ತಿಗೆ ಹೊಸ್ತಿಲೇ ಇರುವುದಿಲ್ಲ ಎಂದ. ಮುದ್ದಕ್ಕ ಬಂದು ಬಾಗಿಲವಾಡಕ್ಕೆ ಎರಡೂ ಕೈ ಕೊಟ್ಟು ನಿಂತಳು. ಮದುವೆಯಾಗಿ ಬಂದ ದಿನ ಅಕ್ಕಿಯ ಸೇರು ಒದ್ದು ಒಳಗೆ ಬಂದದ್ದು ಇದನ್ನು ದಾಟಿಯೇ. ಅಂದಿನಿಂದ ಇದನ್ನು ತೊಳೆದು ಸಾರಿಸದೆ ಒಲೆ ಹಚ್ಚಿದವಳಲ್ಲ. ಮಗ ಉಳಿಯ ಮಾತು ಬಿಟ್ಟ.

ಹಾಗಾದರೆ ಮೇಲೊಂದು ಹಲಗೆ ಹಾಕೋಣ, ಕಾಲು ತಾಗುವುದಿಲ್ಲ ಎಂದಳು ಸುಚಿತ್ರಾ. ಒಳ್ಳೆಯ ಉಪಾಯವೆಂದು ದೊಡ್ಡವರೆಲ್ಲ ತಲೆಯಾಡಿಸಿದರು. ಹಲಗೆಯ ಕೆಳಗೆ ಲಕ್ಷ್ಮಿ ಇರುವುದಿಲ್ಲವೇ ಎಂದು ಪ್ರೀತಿ ಕೇಳಿದಳು. ದೊಡ್ಡವರ ತಲೆಗಳು ಆಡುವುದನ್ನು ನಿಲ್ಲಿಸಿದವು.

ಈ ಪಾಠ ಹೇಳಿಕೊಟ್ಟವಳು ಮುದ್ದಕ್ಕನೇ. ಸೊಂಟ ಹಿಡಿಯುವ ಮುಂಚೆ ಹುಡುಗಿಯ ಕಂಕುಳಿಗೆ ಕೈ ಕೊಟ್ಟು ಎತ್ತಿ ದಾಟಿಸುವಾಗ, ಬಿಗಿದ ಕಾಲು ಹೊಸ್ತಿಲಿಗೆ ತಾಗಿದಾಗಲೆಲ್ಲ ಬಗ್ಗಿಸಿ ಮುಟ್ಟಿಸಿ ಕಣ್ಣಿಗೆ ಒತ್ತಿಸಿದ್ದಳು. ತುಳಿದರೆ ಮನೆಗೆ ಒಳ್ಳೆಯದಾಗುವುದಿಲ್ಲ ಎಂದಿದ್ದಳು. ಎಲ್ಲ ಅಜ್ಜಿಯರೂ ಹೇಳುವ ಮಾತು, ಹೇಳಿ ಮರೆಯುವ ಮಾತು. ಈಗ ಮೊಮ್ಮಗಳ ಗಲ್ಲ ಹಿಡಿದು, ದೇವರಿಗೆ ನಾನು ತಪ್ಪುಕಾಣಿಕೆ ಕಟ್ಟುತ್ತೇನೆ, ನೀನು ಕಾಲಿಡು ಎಂದು ಪುಸಲಾಯಿಸಿದಳು. ಪ್ರೀತಿ ಒಪ್ಪಲಿಲ್ಲ.

"ಬ್ಯಾಡಜ್ಜಿ. ನನ್ನಿಂದ ಈಗಾಗ್ಲೇ ಎಲ್ಲಾರಿಗೂ ಕಷ್ಟ ಆಗೈತೆ. ಇನ್ನೂ ಕೆಟ್ಟದಾಗೋದು ಬ್ಯಾಡ."

ಅಳದೆ, ಕೊಸರದೆ ಹೇಳಿದಳು. ಬೇಸಿಗೆಯಲ್ಲಿ ಬಿಸಿಲಿದೆ ಎನ್ನುವಷ್ಟೇ ಸಹಜವಾಗಿ. ಜಯಕುಮಾರ್ ಎದ್ದು ಒಳಕೋಣೆಗೆ ಹೋದ. ಮುದ್ದಕ್ಕನ ಎದೆಗೆ ಆ ಮಾತು ನಾಟಿತು. ಇಷ್ಟು ವರ್ಷ ಈ ಕೂಸು ಇದನ್ನು ಒಳಗಿಟ್ಟುಕೊಂಡು ಬಾಯಾರಿ ಕೂತಿತ್ತೇ?

ಮುದ್ದಕ್ಕ ಸೀರೆಯ ನೆರಿಗೆ ಎತ್ತಿ ಹಿಡಿದಳು. ಚೆಂಡುಹೂವನ್ನು ಪಕ್ಕಕ್ಕೆ ಸರಿಸುವುದಕ್ಕೂ ಹೋಗದೆ, ಬಲಗಾಲನ್ನು ಸೀದಾ ಕುಂಕುಮದ ಮೇಲಿಟ್ಟಳು. ಬಾಗಿಲವಾಡ ಹಿಡಿದು ಎಡಗಾಲನ್ನೂ ಎಳೆದು ಅದರ ಪಕ್ಕಕ್ಕೆ ತಂದಳು. ಸೊಂಟದ ನೋವಿಗೆ ಮುಖ ಕಿವುಚಿದಳು. ಹಿಡಿಯಲು ಬಂದ ಸುಚಿತ್ರಾಳನ್ನು ಕೈಯಲ್ಲೇ ತಡೆದಳು. ಯಮುನಾ ಬಾಯಿಗೆ ಸೆರಗು ಒತ್ತಿಕೊಂಡಳು. ಈ ಅತ್ತೆ ಮೈಲಿಗೆಯ ಬಟ್ಟೆಯನ್ನು ಸಹ ಹೊಸ್ತಿಲ ಹತ್ತಿರ ಬಿಟ್ಟುಕೊಂಡವಳಲ್ಲ.

"ನೋಡೇ ಇಲ್ಲಿ. ಮೊದ್ಲು ತುಳ್ದೋಳು ನಾನು. ಆ ಮಾತಾಯಿ ಏನಾರ ಕೇಳಂಗಿದ್ರೆ ನನ್ನ ಕೇಳ್ಲಿ, ನಿನ್ನ ತಂಟೆಗೆ ಬರಲ್ಲ."

ಹಾಗೆಂದು ಆಚೆಗೆ ಇಳಿದು ಅಂಗಳದಲ್ಲಿ ನಿಂತಳು. ಪ್ರೀತಿ ಅಜ್ಜಿಯ ಪಾದ ನೋಡಿದಳು, ಮುಖ ನೋಡಿದಳು. ಬಹಳ ಹೊತ್ತು ಹಿಡಿಯಿತು. ಆಮೇಲೆ ಬಲಗಾಲು ಮೇಲಿಟ್ಟಳು, ಎಡಗಾಲು ಎಳೆದುಕೊಂಡಳು, ಆಚೆಗೆ ಇಳಿದಳು. ಥೆರಪಿ ಕೋಣೆಯಲ್ಲಿ ಇದನ್ನೇ ಮಾಡಿದಾಗ ಸುಚಿತ್ರಾ ಚಪ್ಪಾಳೆ ತಟ್ಟುತ್ತಿದ್ದಳು. ಇವತ್ತು ಕೈ ಏಳಲಿಲ್ಲ.

ಹುಡುಗಿ ನಿಲ್ಲಲಿಲ್ಲ. ಪೈಪು ಹಿಡಿದು ಗೋಡೆಗುಂಟ ಕಕ್ಕಸಿನ ಕಡೆ ಹೊರಟಳು. ಯಮುನಾ ರೂಢಿಯಂತೆ ಹಿಂದೆಯೇ ಹೋದಳು. ಅವಳ ಎದುರಿಗೇ ಬಾಗಿಲು ಮುಚ್ಚಿತು, ಒಳಗಿನಿಂದ ಚಿಲಕ ಹಾಕಿದ ಸದ್ದಾಯಿತು.

"ಲಂಗ ಎತ್ಕಣಾಕೆ ಆಗ್ತೈತೇನೇ?" ಎಂದು ಯಮುನಾ ಹೊರಗಿನಿಂದ ಕೇಳಿದಳು.

"ಆಗ್ತೈತೆ. ನೀ ಹೋಗವ್ವ, ಅಲ್ಲೇ ನಿಂತ್ಕಬ್ಯಾಡ."

ಆ ಹುಡುಗಿ ಹುಟ್ಟಿದಾಗಿನಿಂದ ತಾಯಿಗೆ ಹೀಗೆ ಹೋಗು ಎಂದದ್ದು ಇದೇ ಮೊದಲು. ಯಮುನಾ ಅಂಗಳದ ಆ ತುದಿಗೆ ಹೋಗಿ, ಬೆನ್ನು ತಿರುಗಿಸಿ ನಿಂತು ಅತ್ತಳು.